ಮುಖವಾಡದ ಬಲಗಿವಿ

ನನ್ನ ಅಕ್ಕನ ಮಗಳು ಒಂದು ಸಲ ಹಾರಿ ಬಂದ ಪಕ್ಕನ್ನು ಹಲ್ಲಿನಲ್ಲೇ ಹಿಡಿದು, ಎರಡು ಸಲ ಅಗಿದು, ಹೊಡೆದವಳ ಕಾಲ ಬುಡಕ್ಕೇ ಉಗಿದಳು. ಈ ಸುದ್ದಿಯನ್ನು ಇಡೀ ರಿಂಕಿಗೆ, ಅಂದರೆ ನಮ್ಮ ಐಸಿನ ಮೈದಾನಕ್ಕೆ, ಹಂಚಿದವನು ನಾನೇ. ಪಕ್ ಅಂದರೆ ಐಸ್ ಹಾಕಿಯಲ್ಲಿ ಚೆಂಡಿನ ಜಾಗದಲ್ಲಿರುವ ಕರಿ ರಬ್ಬರಿನ ಬಿಲ್ಲೆ. ಆಟಕ್ಕೆ ಮುಂಚೆ ಅದನ್ನು ಫ್ರೀಜರಿನಲ್ಲಿಟ್ಟು ಕಲ್ಲಿನಂತೆ ಮಾಡಿಕೊಳ್ಳುತ್ತಾರೆ. ಹಲ್ಲಿನಲ್ಲಿ ಹಿಡಿಯಲು ಹೋದರೆ ಹಲ್ಲೂ ಇರುವುದಿಲ್ಲ, ಹಲ್ಲಿದ್ದ ಜಾಗವೂ ಇರುವುದಿಲ್ಲ. ಯಾರೂ ನಂಬಲಿಲ್ಲ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೂ ಅವತ್ತಿನಿಂದ ಅವಳಿಗೆ ‘ಗೋಡೆ’ ಅನ್ನುವ ಹೆಸರು ಬಿತ್ತು. ನನಗೆ ‘ಬುರುಡೆ ಮಾಮ’ ಅನ್ನುವ ಹೆಸರು ಅವಳು ಹುಟ್ಟುವ ಮುಂಚೆಯೇ ಬಿದ್ದಿತ್ತು.

ರಿಂಕಿನ ಕೆಳಗಿನ ಸಾಮಾನು ಕೋಣೆ ನನ್ನದು. ಸ್ಕೇಟಿನ ಬ್ಲೇಡು ಸಾಣೆ ಹಿಡಿಯುವುದು, ಹರಿದ ಗ್ಲೌಸು ಹೊಲಿಯುವುದು, ಅವಳ ಹಾಗೆ ಗೋಲು ಕಾಯುವ ಗೋಲಿಯರ ಮುಖವಾಡ ಒರೆಸಿ ಇಡುವುದು ನನ್ನ ಕೆಲಸ. ಪೇಪರು ಓದಲು ನನಗೆ ಅರ್ಧ ದಿನ ಬೇಕು. ಆದರೆ ಮುಖವಾಡ ಓದಲು ಅರ್ಧ ಗಳಿಗೆ ಸಾಕು. ಪಕ್ ಬಡಿದ ಕಡೆಯಲ್ಲೆಲ್ಲ ಕರಿ ಗುರುತು ಬೀಳುತ್ತದೆ. ಕಣ್ಣು ಬಿಟ್ಟು ನಿಂತ ಗೋಲಿಗೆ ಗುರುತು ಹಣೆಯ ಮೇಲೆ, ಜಾಲರಿಯ ಮೇಲೆ. ಹೆದರಿ ಮುಖ ತಿರುಗಿಸುವವರಿಗೆ ಕಿವಿಯ ಹತ್ತಿರ.

ಮೂರು ತಿಂಗಳ ಹಿಂದೆ ಅಭ್ಯಾಸ ನಡೆಯುವಾಗ ಒಂದು ಪಕ್ ಗೋಡೆಯ ಗದ್ದದ ಕೆಳಗೆ ನುಗ್ಗಿ ಗಂಟಲಿಗೆ ಬಡಿಯಿತು. ಐಸ್ ಮೇಲೆ ಬಿದ್ದು ದಡಕ್ಕೆ ಎಸೆದ ಮೀನಿನ ಹಾಗೆ ಬಾಯಿ ಬಿಟ್ಟಳು, ಉಸಿರು ಬರಲಿಲ್ಲ. ನಾನು ಇಪ್ಪತ್ತರವರೆಗೆ ಎಣಿಸಿದೆ. ಇಪ್ಪತ್ತೊಂದಕ್ಕೆ ಉಸಿರು ಬಂತು. ಎರಡೇ ದಿನಕ್ಕೆ ಎದ್ದು ಆಡಿದಳು, ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ಅಲ್ಲಿಂದ ಮುಂದೆ ಅವಳ ಮುಖವಾಡದ ಗುರುತುಗಳು ಹಣೆ ಬಿಟ್ಟು ಒಂದೊಂದಾಗಿ ಬಲಗಿವಿಯ ಕಡೆಗೆ ನಡೆದುಕೊಂಡು ಹೋದವು.

ಅವಳನ್ನು ಕೂರಿಸಿ ಕೇಳಿದೆ. ಅತ್ತಳು. ಬೇಕಂತ ತಿರುಗಿಸುವುದಲ್ಲವಂತೆ, ಕುತ್ತಿಗೆ ತಾನೇ ತಿರುಗುತ್ತದಂತೆ. ಕೈಕಾಲು ಮಾತ್ರ ಹಳೇ ಅಭ್ಯಾಸದಲ್ಲಿ ಪಕ್ ತಡೆಯುತ್ತಿದ್ದವು, ಹಾಗಾಗಿ ದೂರದಲ್ಲಿ ನಿಂತವರಿಗೆ ಏನೂ ಕಾಣುತ್ತಿರಲಿಲ್ಲ. “ಒಂದೇ ವಾರ ಮಾಮ, ಸರಿ ಹೋಗುತ್ತೆ, ಯಾರಿಗೂ ಹೇಳ್ಬೇಡ” ಅಂದಳು. ನಾನು ಬಣ್ಣ ಕರಗಿಸುವ ಥಿನ್ನರ್ ಹಚ್ಚಿ ಗುರುತು ಒರೆಸಿದೆ, ಕಿವಿಯ ಹತ್ತಿರದ ತಗ್ಗಿಗೆ ಬಣ್ಣದವರು ಬಿರುಕಿಗೆ ಮೆತ್ತುವ ಲಪ್ಪ ತುಂಬಿದೆ, ಮೇಲೆ ಬಿಳಿ ಬಣ್ಣ ಬಳಿದೆ. ಒಂದು ವಾರ ಹೋಗಿ ಹನ್ನೆರಡು ವಾರ ಆಯಿತು. ಪ್ರತಿ ವಾರವೂ ಮತ್ತೆ ಲಪ್ಪ ತುಂಬಿದೆ.

ದೇಶದ ತಂಡ ಆರಿಸುವ ದಿನ ಬಂತು. ಮಧ್ಯಾಹ್ನದೊಳಗೆ ಪಟ್ಟಿ ಹೋಗಬೇಕು. ಸಭೆ ನಡೆಯುವ ಕೋಣೆ ನನ್ನ ಕೋಣೆಯ ನೆತ್ತಿಯ ಮೇಲೇ ಇದೆ. ಬಿಸಿಗಾಳಿಯ ಕೊಳವೆ ಎರಡಕ್ಕೂ ಒಂದೇ, ಮೇಲೆ ಕೆಮ್ಮಿದರೂ ಕೆಳಗೆ ಕೇಳುತ್ತದೆ. ನಾನು ಸಾಣೆ ಯಂತ್ರ ನಿಲ್ಲಿಸಿ ಕೊಳವೆಯ ಕೆಳಗೆ ಸ್ಟೂಲು ಹಾಕಿಕೊಂಡು ಕೂತೆ. ಗೋಡೆ ಗ್ಲೌಸುಗಳ ರಾಶಿಯ ಮೇಲೆ ಮುದುರಿ ಕೂತಿದ್ದಳು.

ಉಳಿದ ಹೆಸರುಗಳೆಲ್ಲ ಬೇಗ ಮುಗಿದವು. ಕೊನೆಗೆ ಗೋಲಿಯ ಜಾಗ ಒಂದು ಉಳಿಯಿತು.

“ಗೋಡೆ. ಇದ್ರಲ್ಲಿ ಮಾತೇನಿದೆ?” ಅಂದರು ಕೋಚ್ ಮೇಡಂ.

“ಮಾತಿದೆ,” ಅಂದರು ತಂಡದ ಡಾಕ್ಟ್ರು. “ಇನ್ನೊಬ್ಬ ಗೋಲಿ ಇದ್ದಾಳಲ್ಲ, ಬಡಗಿ ಮಗಳು, ಅವಳನ್ನ ಯಾಕೆ ಬಿಡ್ತೀರಿ? ನಿಧಾನ, ಆದ್ರೆ ಗೂಟ ಹೊಡ್ದಂಗೆ ನಿಲ್ತಾಳೆ.”

“ಗೂಟ ಬೇಕಾದ್ರೆ ದನದ ಕೊಟ್ಟಿಗೆಗೆ ಹೋಗಿ ಡಾಕ್ಟ್ರೇ. ನಂಗೆ ಗೋಲಿ ಬೇಕು.”

“ನಿಮ್ಮ ಗೋಡೆ ಕಳೆದ ಮ್ಯಾಚಲ್ಲಿ ಸುಲಭದ್ದೊಂದು ಬಿಟ್ಳು. ಪಕ್ ಬಂದಾಗ ಎಲ್ಲಿ ನೋಡ್ತಿದ್ಳೋ ಆ ಪುಣ್ಯಾತ್ಗಿತ್ತಿ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ಗೋಡೆಯ ಕೈ ತಾನಾಗಿ ಬಲಗಿವಿಗೆ ಹೋಯಿತು.

ಅಷ್ಟರಲ್ಲಿ ಆಯ್ಕೆ ಸಮಿತಿಯ ಅಧ್ಯಕ್ಷರ ದಪ್ಪ ಧ್ವನಿ ಇಳಿದು ಬಂತು. ಅವರೂ ಒಂದು ಕಾಲದ ಗೋಲಿ, ಮೂಗು ಮೂರು ಸಲ ಮುರಿದವರು. “ನೀವಿಬ್ರೂ ಕಿತ್ತಾಡಿದ್ದು ಸಾಕು. ಇಬ್ಬರ ಮುಖವಾಡ ತರ್ಸಿ. ನಾನು ಕೈಯಲ್ಲಿ ಹಿಡಿದು ನೋಡ್ಬೇಕು.”

ನಾನು ಸ್ಟೂಲಿನಿಂದ ಇಳಿದೆ.

ಗೋಡೆ ಎದ್ದು ತನ್ನ ಮುಖವಾಡ ತಿರುಗಿಸಿ ನೋಡಿದಳು. “ಮಾಮ! ಒಂದು ಗುರುತೂ ಇಲ್ವಲ್ಲೋ! ಮೂರು ತಿಂಗ್ಳು ಆಡಿರೋ ಮುಖವಾಡ, ಅಂಗಡಿಯಿಂದ ಈಗ ತಂದಂಗಿದೆ. ಅವರೇನು ಕುರುಡ್ರಾ?”

“ಬಾಯ್ಮುಚ್ಚೇ, ಯೋಚ್ನೆ ಮಾಡೋಕೆ ಬಿಡು.”

“ನೀನು ಯೋಚ್ನೆ ಮಾಡಿದ್ದಕ್ಕೇ ಇಲ್ಲಿಗೆ ಬಂದಿರೋದು!”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಾನು ಹಳೇ ಪಕ್ ಒಂದನ್ನು ಎತ್ತಿಕೊಂಡೆ. ಮುಖವಾಡವನ್ನು ಮೇಜಿನ ಮೇಲಿಟ್ಟು, ಪಕ್ಕಿನ ಅಂಚನ್ನು ಹಣೆಗೆ ಒತ್ತಿ, ಮರದ ಸುತ್ತಿಗೆಯಿಂದ ಕೊಟ್ಟೆ. ಟಾಕ್. ಒಳ್ಳೇ ಕರಿ ಗುರುತು ಬಿತ್ತು. ಒಂದು ಕಡೆ ದಪ್ಪ, ಇನ್ನೊಂದು ಕಡೆ ಬಾಲ, ಥೇಟು ಆಟದಲ್ಲಿ ಬಿದ್ದ ಹಾಗೇ. ಮನಸ್ಸಿನಲ್ಲೇ ನನ್ನ ಬೆನ್ನು ತಟ್ಟಿಕೊಂಡೆ.

ಎರಡನೆಯದಕ್ಕೆ ಸುತ್ತಿಗೆ ಎತ್ತಿದಾಗ ಕಣ್ಣಂಚಿನಲ್ಲಿ ಗೋಡೆ ಕಂಡಳು. ಟಾಕ್ ಅಂತು, ಅವಳ ಮುಖ ಎಡಕ್ಕೆ ತಿರುಗಿತು. ಮೂರನೆಯದು ಹೊಡೆದೆ, ಮತ್ತೆ ತಿರುಗಿತು. ಮುಖವಾಡ ಇದ್ದದ್ದು ಮೇಜಿನ ಮೇಲೆ. ಅವಳು ಇದ್ದದ್ದು ನಾಲ್ಕು ಹೆಜ್ಜೆ ದೂರದಲ್ಲಿ, ಬರಿಗೈಯಲ್ಲಿ, ಯಾರೂ ಅವಳ ಕಡೆಗೆ ಏನನ್ನೂ ಹೊಡೆದಿರಲಿಲ್ಲ. ತಿರುಗಿದ್ದು ಅವಳಿಗೇ ಗೊತ್ತಾಗಲಿಲ್ಲ.

“ಸಾಕಾ?” ಅಂದಳು.

“ಸಾಕು,” ಅಂದೆ. 

ಮೆಟ್ಟಿಲು ಹದಿನಾಲ್ಕೇ. ಅವತ್ತು ಅವು ನಾನೂರು ಇದ್ದವು, ಇದು ಮಾತ್ರ ಬುರುಡೆಯಲ್ಲ. ಎರಡು ಮುಖವಾಡವನ್ನೂ ಕಂಕುಳಲ್ಲಿ ಇರುಕಿಕೊಂಡು ಹತ್ತಿದೆ. ಅಂಗಿಯ ಜೇಬಿನಲ್ಲಿ ಥಿನ್ನರ್ ಬಟ್ಟೆ ಹಾಗೇ ಇತ್ತು, ಅದರ ವಾಸನೆಗೆ ತಲೆ ಸುತ್ತುತ್ತಿತ್ತೋ, ಹೆದರಿಕೆಗೋ, ಗೊತ್ತಿಲ್ಲ.

ಒಳಗೆ ಉದ್ದ ಮೇಜು, ನೀರಿನ ಜಗ್ಗು, ಒಂದು ಹಾಳೆ, ಅದರ ಮೇಲೆ ಡಾಕ್ಟ್ರ ಪೆನ್ನು. ಅಧ್ಯಕ್ಷರು ಮೊದಲು ಬಡಗಿ ಮಗಳ ಮುಖವಾಡ ತೆಗೆದುಕೊಂಡರು. ಅದರ ಹಣೆ ಬಾಣಲೆಯ ತಳದ ಹಾಗೆ ಕರ್ರಗಿತ್ತು. ಆಮೇಲೆ ಗೋಡೆಯದನ್ನು ಹಿಡಿದು ಹಣೆಯ ಗುರುತನ್ನು ಹೆಬ್ಬೆರಳಿನಲ್ಲಿ ಸವರಿದರು.

“ಇದ್ಯಾವಾಗ ಬಿದ್ದಿದ್ದಯ್ಯಾ?”

ನಾನು ಬಾಯಿ ತೆರೆದೆ. ಹೆದರಿದಾಗ ಬೇರೆಯವರಿಗೆ ನಾಲಿಗೆ ಒಣಗುತ್ತದೆ, ನನಗೆ ಹರಿಯುತ್ತದೆ. “ಅದಾ ಸಾರ್? ಮೊನ್ನೆ ಬಿದ್ದಿದ್ದು. ಆ ಪಕ್ ಬಂದ ಗಾಳಿಗೆ ರೆಫ್ರಿ ಟೋಪಿ ಹಾರೋಯ್ತು, ಕ್ಯಾಂಟೀನಲ್ಲಿದ್ದ ಬಿಸ್ಕತ್ ಡಬ್ಬಿ ಮುಚ್ಚಳ ತೆಗ್ದುಕೊಳ್ತು. ನಮ್ಮ ಹುಡ್ಗಿ ರೆಪ್ಪೆ ಮಿಟುಕಿಸಿದ್ರೆ ಕೇಳಿ! ಹಣೆ ಕೊಟ್ಟು ನಿಂತ್ಳು. ಪಕ್ಕೇ ಹೆದರಿ ವಾಪಸ್ ಹೋಯ್ತು.”

ಮೂವರೂ ನಕ್ಕರು. ಡಾಕ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಬಿಡಯ್ಯಾ ಬಿಡು, ರೀಲು ಬಿಡೋದ್ರಲ್ಲಿ ನಿನ್ನ ಬಿಟ್ರಿಲ್ಲ.”

“ರೀಲು ಇರ್ಲಿ, ಗುರುತು ಹಣೆ ಮೇಲೇ ಇದೆ,” ಅಂದರು ಅಧ್ಯಕ್ಷರು. “ಕಣ್ಣು ಬಿಟ್ಕೊಂಡೇ ನಿಂತಿದ್ದಾಳೆ. ನಂಗೆ ಅಷ್ಟು ಸಾಕು. ಬರೀರಿ ಡಾಕ್ಟ್ರೇ, ಗೋಡೆ.”

ಡಾಕ್ಟ್ರು ಪೆನ್ನು ಎತ್ತಿಕೊಂಡರು.

ಐವತ್ತು ವರ್ಷದಲ್ಲಿ ನನ್ನ ಒಂದು ಬುರುಡೆಯನ್ನೂ ಯಾರೂ ನಂಬಿರಲಿಲ್ಲ. ನಂಬುವುದಿಲ್ಲ ಅನ್ನುವ ಧೈರ್ಯಕ್ಕೇ ನಾನು ಅಷ್ಟೊಂದು ಬಿಡುತ್ತಿದ್ದದ್ದು. ಇವತ್ತು ನಂಬಿಬಿಟ್ಟರು. ಪೆನ್ನಿನ ತುದಿ ಹಾಳೆಗೆ ಮುಟ್ಟಿತು. ಕಣ್ಣ ಮುಂದೆ ದೊಡ್ಡ ಮೈದಾನ, ಪರದೇಶದ ಗಟ್ಟಿ ಆಳುಗಳು ಹೊಡೆಯುವ ಹೊಡೆತ, ಟಾಕ್ ಅಂದಾಗ ಎಡಕ್ಕೆ ತಿರುಗುವ ಆ ಸಣ್ಣ ಮುಖ. ತಿರುಗಿದಾಗ ಮುಖವಾಡದ ಕೆಳಗೆ ಗಂಟಲು ಕಾಯಲು ಕಟ್ಟಿದ ತಟ್ಟೆ ಪಕ್ಕಕ್ಕೆ ಸರಿಯುತ್ತದೆ, ಎರಡು ಬೆರಳಷ್ಟು ಕುತ್ತಿಗೆ ಹೊರಗೆ ಕಾಣುತ್ತದೆ. ಈ ಸಲ ನಾನು ಎಷ್ಟರವರೆಗೆ ಎಣಿಸಬೇಕಾದೀತು?

“ಸಾರ್, ಅದು ಬುರುಡೆ,” ಅಂದೆ.

“ಯಾವ್ದೋ? ಬಿಸ್ಕತ್ ಡಬ್ಬೀದಾ?” ಕೋಚ್ ಮೇಡಂ ಮತ್ತೆ ನಕ್ಕರು.

“ಗುರುತು. ಈಗ ಕೆಳಗೆ ಕೂತು ಸುತ್ತಿಗೇಲಿ ಹೊಡ್ದಿದ್ದು. ಅವಳು ಹೆದರ್ತಾಳೆ ಮೇಡಂ. ಮುಖ ತಿರುಗಿಸ್ತಾಳೆ.”

“ಗೋಡೆ ಹೆದರ್ತಾಳೆ! ಇದು ಡಬ್ಬಿಗಿಂತ ದೊಡ್ಡ ಬುರುಡೆ,” ಅಂದರು ಡಾಕ್ಟ್ರು. ಪೆನ್ನು ಒಂದು ಅಕ್ಷರ ಬರೆದಾಗಿತ್ತು.

ಬಾಯಿಂದ ಇನ್ನು ಆಗುವ ಕೆಲಸ ಇರಲಿಲ್ಲ. ಅಧ್ಯಕ್ಷರ ಕೈಯಿಂದ ಮುಖವಾಡ ಕಿತ್ತುಕೊಂಡು, ಜೇಬಿನ ಬಟ್ಟೆ ತೆಗೆದು, ಬಲಗಿವಿಯ ಜಾಗವನ್ನು ತಿಕ್ಕಿದೆ. ಹನ್ನೆರಡು ವಾರದ ಬಣ್ಣ ಹಾಲಿನ ಕೆನೆಯ ಹಾಗೆ ಎದ್ದು ಬಂತು. ಉಗುರಿನಲ್ಲಿ ಲಪ್ಪ ಕೆರೆದೆ, ಮೇಜಿನ ಮೇಲೆ ಪುಡಿಪುಡಿ ಉದುರಿತು. ತಗ್ಗುಗಳು ಒಂದೊಂದಾಗಿ ಕಣ್ಣು ಬಿಟ್ಟವು. ಏಳು. ಕೊನೆಯದು ಕಿವಿಯ ಕೆಳಗೆ, ಮುಖವಾಡದ ಅಂಚಿನಲ್ಲೇ ಇತ್ತು. ಅದರ ಕೆಳಗೆ ಮುಖವಾಡ ಇಲ್ಲ. ಕುತ್ತಿಗೆ.

ಅಧ್ಯಕ್ಷರು ಕೊನೆಯ ತಗ್ಗಿನಲ್ಲಿ ಕಿರುಬೆರಳಿಟ್ಟು ಹಾಗೇ ಕೂತರು. 

“ಎಷ್ಟು ದಿನದಿಂದ?” ಡಾಕ್ಟ್ರ ಧ್ವನಿ ಬೇರೆಯೇ ಆಗಿತ್ತು.

“ಮೂರು ತಿಂಗ್ಳು.”

“ಮೂರು ತಿಂಗ್ಳು!” ಕೋಚ್ ಮೇಡಂ ಎದ್ದು ನಿಂತರು. “ಮಗೂನ ದಿನಾ ಆ ಹೊಡೆತದ ಮುಂದೆ ನಿಲ್ಲಿಸ್ತಿದ್ದೆ ನಾನು! ಅದು ಗೊತ್ತಿದ್ದೂ ಬಣ್ಣ ಬಳೀತಾ ಕೂತಿದ್ಯಲ್ಲಯ್ಯಾ, ನೀನು ಮನುಷ್ಯನಾ?”

 ತಲೆ ತಗ್ಗಿಸಿದೆ. ಬಾಗಿಲ ಕಡೆ ಸದ್ದಾಯಿತು, ತಿರುಗಿದೆ. ಗೋಡೆ ನಿಂತಿದ್ದಳು. ಕೊಳವೆಯಲ್ಲಿ ಕೇಳಿದ್ದು ಸಾಲದೆ ಮೆಟ್ಟಿಲು ಹತ್ತಿ ಬಂದಿದ್ದಳು.

“ಮಾಮ,” ಅಂದಳು, ಅಷ್ಟೇ. ಇಳಿದು ಹೋದಳು.

ಡಾಕ್ಟ್ರು ಬರೆದ ಅಕ್ಷರ ಹೊಡೆದು ಹಾಕಿ ಬಡಗಿ ಮಗಳ ಹೆಸರು ಬರೆದರು. ನನ್ನ ಕೆಲಸ ಹೋಯಿತು ಅಂದುಕೊಂಡು ನಿಂತಿದ್ದೆ. ಅಧ್ಯಕ್ಷರು ತಗ್ಗಿನಿಂದ ಬೆರಳು ತೆಗೆಯದೆ ಹೇಳಿದರು: “ನಿನ್ನ ವಿಚಾರ ಆಮೇಲೆ. ನಾಳೆ ಬೆಳಗ್ಗೆ ಒಂದು ಬುಟ್ಟಿ ಟೆನ್ನಿಸ್ ಚೆಂಡು, ಒಂದು ಡಬ್ಬಿ ಸೀಮೆಸುಣ್ಣದ ಪುಡಿ ತಗೊಂಡ್ಬಾ. ಅವಳನ್ನೂ ಕರ್ಕೊಂಡ್ಬಾ.”

ಅವಳು ಬಂದಳು. ನನ್ನ ಜೊತೆಯಲ್ಲಲ್ಲ, ಹತ್ತು ಹೆಜ್ಜೆ ಮುಂದೆ. ಮನೆಯಲ್ಲಿ ನನ್ನ ತಟ್ಟೆ ಎದುರಿದ್ದರೆ ತನ್ನ ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಅಕ್ಕ ಅಂತೂ ಬೆಂಕಿಯಾಗಿದ್ದಳು. “ಬಾಯಿಗೆ ಬೀಗ ಹಾಕೋ ಅಂತ ಮೂವತ್ತು ವರ್ಷ ಬಡ್ಕೊಂಡೆ. ಒಂದು ದಿನವೂ ಹಾಕ್ಲಿಲ್ಲ. ಹಾಕ್ಲೇಬೇಕಾದ ದಿನ ಪೂರ್ತಿ ತೆಗ್ದ್ಯಲ್ಲೋ!”

“ಅಕ್ಕಾ, ಮಗಳು ಉಸಿರಾಡ್ತಿದ್ದಾಳೆ ತಾನೇ?” ಅಂದೆ.

ಅಕ್ಕ ಪಾತ್ರೆ ಕುಕ್ಕಿ ಒಳಗೆ ಹೋದಳು.

ದಿನಾ ಬೆಳಗ್ಗೆ ಅಧ್ಯಕ್ಷರು ಕುಂಟುತ್ತಾ ಬಂದು ಚೆಂಡನ್ನು ಸುಣ್ಣದಲ್ಲಿ ಹೊರಳಿಸಿ, ಆರು ಹೆಜ್ಜೆಯಿಂದ ಅವಳ ಮುಖಕ್ಕೆ ಎಸೆಯುತ್ತಿದ್ದರು. ಮೆತ್ತನೆಯ ಚೆಂಡು, ಸೊಳ್ಳೆಗೂ ನೋವಾಗದು. ಆದರೂ ಮೊದಲ ನಾಲ್ಕು ದಿನ ಬಿಳಿ ಗುರುತೆಲ್ಲ ಬಲಗಿವಿಗೇ ಬಿತ್ತು.  ಏಳನೇ ದಿನ ಒಂದು ಕೆನ್ನೆಗೆ ಬಂತು. ನಾನು ಯಾವುದನ್ನೂ ಒರೆಸಲಿಲ್ಲ. ಸಾಯಂಕಾಲ ಅವಳೇ ಬಂದು ಮುಖವಾಡ ನೋಡಿ, ನನ್ನನ್ನು ನೋಡದೆ ಹೋಗುತ್ತಿದ್ದಳು.

ಹತ್ತನೇ ದಿನ ಚೆಂಡು ಹೋಯಿತು. ಡಬ್ ಅಂತು. ಗೋಡೆ ಮುಖವಾಡ ತಲೆಯ ಮೇಲಕ್ಕೆ ಸರಿಸಿಕೊಂಡು ಐಸ್ ಮೇಲೆ ಜಾರುತ್ತಾ ನೇರ ನನ್ನ ಹತ್ತಿರ ಬಂದಳು. 

“ಮಾಮ, ನಾನು ಕಣ್ಣು ಬಿಟ್ಟಿದ್ನಾ?”

ಹತ್ತು ದಿನದ ಮೇಲೆ ಆಡಿದ ಮೊದಲ ಮಾತು. ಚಂದದ ಬುರುಡೆ ಒಂದು ನಾಲಿಗೆಯ ತುದಿಗೇ ಬಂದಿತ್ತು, ನುಂಗಿಕೊಂಡೆ. “ಗೊತ್ತಿಲ್ಲ ಕಣೇ. ನಾನು ಮುಚ್ಕೊಂಡಿದ್ದೆ.”

ಅವಳು ನನ್ನನ್ನೇ ನೋಡಿದಳು. ಆಮೇಲೆ ಮುಖವಾಡ ಕಳಚಿ ನನ್ನ ಮುಂದೆ ಹಿಡಿದಳು. ಜಾಲರಿಯ ನಟ್ಟನಡುವೆ, ಮೂಗಿನ ಮೇಲೆ, ಬಿಳಿ ಸುಣ್ಣ ದುಂಡಗೆ ಕೂತಿತ್ತು.

“ಇನ್ನೊಂದು ಎಸೀರಿ ಸಾರ್,” ಅಂತ ಕೂಗಿದಳು. “ಈ ಸಲ ಮಾಮ ನೋಡ್ಲಿ.”

ಮುಖವಾಡ ಹಾಕಿಕೊಂಡು ಹೋಗಿ ಗೋಲಿನ ಮುಂದೆ ನಿಂತಳು. ಅಧ್ಯಕ್ಷರು ಚೆಂಡನ್ನು ಸುಣ್ಣದಲ್ಲಿ ಹೊರಳಿಸಿ ಕೈ ಎತ್ತಿದರು. ನಾನು ಎರಡೂ ರೆಪ್ಪೆಗಳನ್ನು ಬೆರಳಲ್ಲಿ ಹಿಡಿದು ಮೇಲಕ್ಕೆತ್ತಿಕೊಂಡು ನಿಂತೆ.