ಒಟ್ಟಿಗೆ ಉಣ್ಣುವವರು

ಸ್ಯಾನ್ ಡಿಯಾಗೋದ ನಿರುಪಮಾ ಅವರ ಮನೆಯಲ್ಲಿ ಎರಡು ಕಡೆ ಅಡುಗೆಯಾಗುತ್ತಿತ್ತು. ಒಂದು ಅಡುಗೆಮನೆಯಲ್ಲಿ. ಇನ್ನೊಂದು ಕಾರು ನಿಲ್ಲಿಸುವ ಗರಾಜಿನಲ್ಲಿ, ಬಟ್ಟೆ ಒಗೆಯುವ ಮೆಷಿನ್ನಿನ ಪಕ್ಕದ ಕರೆಂಟ್ ಒಲೆಯ ಮೇಲೆ. ಅದು ಸುಗಂಧಿಯದು. ಅವಳು ಮಲ್ಪೆ ಕಡೆಯವಳು. ಕೈಯಲ್ಲಿ ಕಾಸಿದ್ದಾಗ ಮೀನು, ಇಲ್ಲದಿದ್ದಾಗ ಮೊಟ್ಟೆ. ಮೈಸೂರಿನ ನಿರುಪಮಾ ಅವರ ಅಡುಗೆಮನೆಗೆ ಎರಡೂ ಸಲ್ಲ. ರೂಮು ಬಾಡಿಗೆಗೆ ಕೊಟ್ಟ ದಿನವೇ ಅವರು ನಗುನಗುತ್ತಾ ಇದನ್ನು ಹೇಳಿದ್ದರು, ಸುಗಂಧಿಯೂ ನಗುನಗುತ್ತಲೇ ಒಪ್ಪಿದ್ದಳು. ಅಷ್ಟು ಕಡಿಮೆ ಬಾಡಿಗೆಗೆ ತಾಯಿ ಮಗಳಿಗೆ ಬೇರೆಲ್ಲೂ ಜಾಗ ಸಿಕ್ಕಿರಲಿಲ್ಲ.

ಡೈವೋರ್ಸ್ ಆದ ಮೇಲೆ ಸುಗಂಧಿಯ ಗಂಡ ಜಿತೇಶ್ ಮಂಗಳೂರಿಗೆ ಹೋಗಿ ಕೂತಿದ್ದ. ಮಗಳ ಖರ್ಚಿಗೆ ಹಣ ಕೊಡಬೇಕೆಂಬ ಇಲ್ಲಿನ ಕೋರ್ಟಿನ ಮಾತು ಅವನನ್ನು ಅಲ್ಲಿ ಮುಟ್ಟುತ್ತಿರಲಿಲ್ಲ. ಸೊರೆಂಟೊ ವ್ಯಾಲಿಯ ಲ್ಯಾಬಿನಲ್ಲಿ ಅವಳಿಗಿದ್ದ ಕೆಲಸ ಕೋವಿಡ್ ಬಂದ ಮೇಲೆ ವಾರಕ್ಕೆ ಮೂರು ದಿನಕ್ಕೆ ಇಳಿದಿತ್ತು. 2021ರ ಡಿಸೆಂಬರಿನವರೆಗೆ ಸರಕಾರ ಮಗುವಿನ ಹೆಸರಿನಲ್ಲಿ ತಿಂಗಳಿಗಿಷ್ಟು ಎಂದು ಕಳಿಸುತ್ತಿದ್ದುದು ಜನವರಿಯಲ್ಲಿ ನಿಂತೇಹೋಯಿತು. ಏಳು ವರ್ಷದ ನಿಶಾಳ ಹಾಲಿಗೆ ನೀರು ಬೆರೆಸತೊಡಗಿದ ವಾರ, ಸುಗಂಧಿ ಬಡವರ ದಿನಸಿಗೆಂದು ಸರಕಾರ ಕೊಡುವ ಫುಡ್ ಸ್ಟ್ಯಾಂಪಿಗೆ ಅಪ್ಲೈ ಮಾಡಿದಳು.

ಇಂಟರ್‌ವ್ಯೂ ಫೋನಿನಲ್ಲೇ ನಡೆಯಿತು. ಒಟ್ಟಿಗೆ ಸಾಮಾನು ತಂದು ಒಟ್ಟಿಗೆ ಅಡುಗೆ ಮಾಡುವವರೆಲ್ಲ ಒಂದೇ ಕುಟುಂಬವೆಂದು ಲೆಕ್ಕ, ಬೇರೆಬೇರೆಯಾದರೆ ನಿನ್ನ ಸಂಬಳವನ್ನಷ್ಟೇ ನೋಡುತ್ತೇವೆ ಎಂದಳು ಕೌಂಟಿಯ, ಅಂದರೆ ಅಲ್ಲಿನ ಜಿಲ್ಲೆಯ, ಆಫೀಸಿನ ಹೆಂಗಸು. ಬೇರೆಯೇ ಎಂದಳು ಸುಗಂಧಿ. ಸರಿ, ಮನೆಯ ಯಜಮಾನರನ್ನೂ ಒಮ್ಮೆ ಕೇಳುತ್ತೇವೆ ಎಂದು ಆ ಹೆಂಗಸು ಫೋನಿಟ್ಟಳು.

ಮುಂದಿನ ವಾರ ಕಾಗದ ಬಂತು. ಕುಟುಂಬದ ಆದಾಯ ಮಿತಿಗಿಂತ ಹೆಚ್ಚು, ಆದ್ದರಿಂದ ಇಲ್ಲ. ಸುಗಂಧಿ ಅದನ್ನು ಹಿಡಿದುಕೊಂಡೇ ನಿರುಪಮಾ ಕುಳಿತಿದ್ದ ನಡುಮನೆಗೆ ಬಂದಳು.

"ಆಂಟಿ, ಕೌಂಟಿಯಿಂದ ಫೋನ್ ಬಂದಿತ್ತಾ?"

"ಬಂದಿತ್ತಮ್ಮ. ಎಷ್ಟು ಚೆನ್ನಾಗಿ ಮಾತಾಡಿದ್ಲು ಆ ಹುಡುಗಿ!"

"ಎಂತ ಕೇಳಿದ್ರು?"

"ನಿಮ್ದೆಲ್ಲ ಊಟ ಒಟ್ಟಿಗೇನಾ ಅಂತ. ನಮ್ಮನೇಲಿ ಬೇರೆ ಬೇರೆ ಉಣ್ಣೋ ಪದ್ಧತಿ ಇಲ್ಲ, ಸುಗಂಧಿ ನಮಗೆ ಮಗಳ ಹಾಗೆ ಅಂದೆ."

ಸುಗಂಧಿ ಸೋಫಾದ ಅಂಚಿನಲ್ಲಿ ಕುಳಿತಳು. "ಅದಕ್ಕೇ ಸಿಗ್ಲಿಲ್ಲ ಆಂಟಿ. ನಿಮ್ಮಿಬ್ಬರ ಪೆನ್ಶನ್ನೂ ನನ್ನ ಲೆಕ್ಕಕ್ಕೆ ಸೇರಿಸಿದ್ದಾರೆ."

"ನಮ್ಮ ಪೆನ್ಶನ್ ನಿನ್ನ ಲೆಕ್ಕಕ್ಕೆ ಯಾಕೆ ಸೇರತ್ತೆ?"

"ನೀನೇ ಸೇರಿಸಿದ್ಯಲ್ಲ, ಮಗಳು ಅಂತ," ಎಂದರು ಅವರ ಗಂಡ ನಾರಾಯಣ, ಐಪ್ಯಾಡಿನಿಂದ ತಲೆಯೆತ್ತದೆ.

"ನೀವು ಸುಮ್ನಿರಿ."

"ಒಂದು ಫೋನ್ ಮಾಡಿ ಆಂಟಿ. ನಾವು ಗರಾಜಲ್ಲಿ ಬೇರೆ ಅಡುಗೆ ಮಾಡೋದು ಅಂತ ಇದ್ದದ್ದು ಹೇಳಿದ್ರೆ ಆಯ್ತು."

ನಿರುಪಮಾ ಅವರ ಮುಖ ಕೆಂಪಾಯಿತು. "ಮಗೂನ ಗರಾಜಲ್ಲಿ ಕೂರಿಸಿ ಉಣ್ಣಿಸ್ತಾರೆ ಅಂತ ನನ್ನ ಬಾಯಿಂದ ಹೇಳ್ಲಾ? ಅವರು ನಮ್ಮನ್ನ ಎಂಥ ಜನ ಅಂದ್ಕೋತಾರೆ?"

"ಅಲ್ಲಿ ಒಲೆ ಇಟ್ಟಿರೋದು ಗೊತ್ತಾದ್ರೆ ಇನ್ಶೂರೆನ್ಸ್‌ನವರೂ ಬಿಡಲ್ಲ," ಎಂದರು ನಾರಾಯಣ. "ಆಮೇಲೆ ರೂಮೇ ಬಾಡಿಗೆಗೆ ಕೊಡೋ ಹಾಗಿರಲ್ಲ." ಅವರ ದನಿಯಲ್ಲಿ ಬೆದರಿಕೆಯೇನೂ ಇರಲಿಲ್ಲ. ನಾಳೆ ಬಿಸಿಲು ಜಾಸ್ತಿ ಎನ್ನುವಂತೆ ಹೇಳಿದ್ದರು.

ನಿರುಪಮಾ ಎದ್ದು ಬಂದು ಸುಗಂಧಿಯ ಕೈ ಹಿಡಿದರು. ಅವರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. "ಇವತ್ತಿಂದ ನಮ್ಮ ಜೊತೇಲೇ ಊಟ ಮಾಡಿ. ಸಾಮಾನಿಗೆ ಕೈಲಾದಷ್ಟು ಕೊಡು. ಆಗ ನಾನು ಹೇಳಿದ್ದೂ ಸುಳ್ಳಾಗಲ್ಲ."

ಅಂದು ಸಂಜೆ ನಾಲ್ವರೂ ಟೇಬಲ್ಲಿಗೆ ಕುಳಿತರು. ಆರ್ಟೀಸಿಯಾದ ಇಂಡಿಯನ್ ಅಂಗಡಿಯಿಂದ ತಂದ ಅಕ್ಕಿಯ ಅನ್ನ, ಹುಳಿ, ಹುರುಳಿಕಾಯಿ ಪಲ್ಯ. ಸಕ್ಕರೆ ಕಾಯಿಲೆಯ ಇಬ್ಬರು ಹಿರಿಯರು ಇಷ್ಟು ವರ್ಷ ರೂಢಿಸಿಕೊಂಡಿದ್ದ ಸಣ್ಣ ಅಳತೆಯಲ್ಲೇ ನಿರುಪಮಾ ಪ್ರೀತಿಯಿಂದ ಬಡಿಸಿದರು. ನಿಶಾ ಬೇಗ ಮುಗಿಸಿದಳು. ಪಾತ್ರೆಯ ತಳದಲ್ಲಿ ಉಳಿದಿದ್ದ ಅನ್ನವನ್ನು ನೋಡಿದಳು, ಇನ್ನೂ ಉಣ್ಣುತ್ತಿದ್ದ ನಾರಾಯಣರನ್ನು ನೋಡಿದಳು. ನಿರುಪಮಾ ಸೌಟು ಎತ್ತುವಷ್ಟರಲ್ಲಿ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದಳು.

"ನೋ ಥ್ಯಾಂಕ್ಸ್ ಅಜ್ಜಿ. ಐ ಆ್ಯಮ್ ಫುಲ್."

"ನೋಡ್ರೀ, ಎಷ್ಟು ಹಿತಮಿತವಾಗಿ ಉಣ್ಣತ್ತೆ ಮಗು!"

ಸುಗಂಧಿ ಮಗಳ ಅಂಗೈಯನ್ನೇ ನೋಡಿದಳು. ಇದನ್ನು ಅವಳು ಕಲಿಸಿರಲಿಲ್ಲ. ಆಹಾರ ಕಡಿಮೆ ಮಾಡಿದರೆ ಜೀವಕೋಶಗಳು ಕೂಡಲೇ ಸಾಯುವುದಿಲ್ಲ. ಬೆಳೆಯುವುದನ್ನು ನಿಲ್ಲಿಸಿ ಹಾಗೇ ಉಳಿಯುತ್ತವೆ. ಲ್ಯಾಬಿನಲ್ಲಿ ಅವಳು ಅದನ್ನು ಎಷ್ಟೋ ಸಲ ನೋಡಿ ಬರೆದಿಟ್ಟಿದ್ದಳು.

ಬುಧವಾರ ಕೌಂಟಿಯ ಹೆಂಗಸೇ ಮತ್ತೆ ಫೋನ್ ಮಾಡಿದಳು. ನಿನ್ನ ಮಾತಿಗೂ ಮನೆಯವರ ಮಾತಿಗೂ ತಾಳೆಯಾಗುತ್ತಿಲ್ಲ, ತಕರಾರಿದ್ದರೆ ಹೇಳು, ಇನ್ನೊಮ್ಮೆ ವಿಚಾರಿಸುತ್ತೇವೆ ಎಂದಳು. ವಿಚಾರಣೆ ಎಂದರೆ ಗರಾಜು. ಗರಾಜು ಎಂದರೆ ರೂಮೂ ಕೈಬಿಟ್ಟಂತೆ. ಸುಗಂಧಿ ಗೋಡೆಗೆ ಒರಗಿದಳು.

"ಒಟ್ಟಿಗೇ ಊಟ ಮಾಡುತ್ತೇವೆ," ಎಂದಳು ಇಂಗ್ಲಿಷಿನಲ್ಲಿ. ಆ ಹೊತ್ತಿಗೆ ಅದು ನಿಜವೂ ಆಗಿತ್ತು.

"ಅಂಥ ಮನೆಯವರು ಸಿಕ್ಕಿದ್ದು ನಿನ್ನ ಅದೃಷ್ಟ," ಎಂದು ಆ ಹೆಂಗಸು ಕೇಸು ಮುಚ್ಚಿದಳು.

ಅಡುಗೆಮನೆಯಿಂದ ನಿರುಪಮಾ ಕೂಗಿದರು: "ಸುಗಂಧಿ, ಇವತ್ತು ಅಕ್ಕಿ ಇನ್ನೊಂದು ಹಿಡಿ ಜಾಸ್ತಿ ಹಾಕ್ಲಾ?"

ಬಾಗಿಲ ಬಳಿ ಹೋಮ್‌ವರ್ಕ್ ಮಾಡುತ್ತಿದ್ದ ನಿಶಾ ತಲೆಯೆತ್ತಿ ಅಮ್ಮನ ಮುಖ ನೋಡಿದಳು.

"ಬೇಡ ಆಂಟಿ," ಎಂದಳು ಸುಗಂಧಿ. "ನಮ್ಮದು ಸ್ವಲ್ಪವೇ."