ಕೋಳಿಗಾಗಿ ಕೋಳಿ ಹರಕೆ

ಕೋಳಿ ಮಡಿಲಲ್ಲಿ ಕೂರುತ್ತದೆ ಎಂದರೆ ಮಲ್ಲಂದೂರಿನ ಕಡೆ ಆಗ ಯಾರೂ ನಂಬುತ್ತಿರಲಿಲ್ಲ. ನಮ್ಮ ನಾಟಿಕೋಳಿಗಳು ಹಲಸಿನ ಮರ ಹತ್ತಿ ಮಲಗುತ್ತಿದ್ದವು. ಒಂದನ್ನು ಹಿಡಿಯಬೇಕೆಂದರೆ ಅರ್ಧ ತೋಟ ಸುತ್ತಬೇಕಿತ್ತು. ತೊಂಬತ್ತೇಳರ ಬೇಸಿಗೆಯಲ್ಲಿ ನಮ್ಮನೆಯವರು ಮೂಡಿಗೆರೆಯಿಂದ ರಟ್ಟಿನ ಡಬ್ಬದಲ್ಲಿ ಗಿರಿರಾಜ ತಳಿಯ ಕೋಳಿಮರಿಗಳನ್ನು ತಂದರು. ಅವು ದಪ್ಪಗೆ ಬೆಳೆದವು, ಆದರೆ ಹಾರಲೂ ಬಾರದು, ಓಡಲೂ ಬಾರದು. ಮುಂಗುಸಿ ಬಂದರೂ ಯಾರೋ ನೆಂಟರು ಬಂದರೇನೋ ಎಂಬಂತೆ ನೋಡುತ್ತ ನಿಲ್ಲುವವು. ಹಾಗೆ ನಿಂತು ನಿಂತೇ ಒಂದೊಂದಾಗಿ ಹೋದವು. ಕಂದು ಚುಕ್ಕೆಯ ಒಂದು ಹೆಣ್ಣು ಮಾತ್ರ ಉಳಿಯಿತು.

"ಇದು ಕೋಳಿಯೇನೋ ನಾಗೇಶ, ದಿಂಬೇನೋ?" ಎಂದು ನಮ್ಮ ಅತ್ತೆ ತುಂಗಮ್ಮ ಮಗನನ್ನು ಕೇಳುತ್ತಿದ್ದರು. "ತಲೆ ಕೆಳಗೆ ಇಟ್ಕೊಂಡು ಮಲಗಬಹುದು ಮಾರಾಯ."

ಅತ್ತೆ ಕೆಟ್ಟವರಲ್ಲ. ನಾನು ಆ ಮನೆಗೆ ಬಂದ ಮೇಲೆ ಒಂದು ದಿನವೂ ಬಿರುಸಾಗಿ ಮಾತಾಡಿದವರಲ್ಲ. ಮೆದುವಾಗಿಯೂ ಮಾತಾಡಿರಲಿಲ್ಲ. ಅನ್ನ ಆಯ್ತಾ, ಆಳುಗಳು ಬಂದ್ರಾ, ಮಳೆ ಬರೋ ಹಾಗಿದೆ, ಒಣ ಹಾಕಿದ್ದು ತೆಗಿ. ನಮ್ಮಿಬ್ಬರ ನಡುವೆ ಇಷ್ಟೇ ಮಾತು. ಮೊದಲು ನನಗೆ ನೋವಾಗುತ್ತಿತ್ತು. ಆಮೇಲೆ ಕಾಯುವುದನ್ನು ಬಿಟ್ಟೆ.

ದೀಪಾವಳಿ ಮುಗಿಯುವ ಹೊತ್ತಿಗೆ ಕೋಳಿಗಳಿಗೆ ಸಿಡುಬು ಬಂತು. ಜುಟ್ಟಿನ ಮೇಲೆ, ಕೊಕ್ಕಿನ ಬುಡದಲ್ಲಿ, ಕಣ್ಣ ಸುತ್ತ ಕಪ್ಪು ಗಂಟುಗಳು. ಮೂಡಿಗೆರೆಯ ಪಶುವೈದ್ಯರನ್ನು ಕೇಳಿದಾಗ, ಬಂದ ಮೇಲೆ ಇದಕ್ಕೆ ಔಷಧಿಯಿಲ್ಲ, ಸೊಳ್ಳೆಯಿಂದ ಹರಡುತ್ತದೆ, ಬೇರೆ ಕಟ್ಟಿ ಪರದೆ ಹಾಕಿ, ಗಾಯ ತೊಳೆದು ಕಣ್ಣು ಬಿಡಿಸಿ ತಿನ್ನಿಸುತ್ತಿದ್ದರೆ ತಾನೇ ಇಳಿಯಬಹುದು ಎಂದರು.

ತಿನ್ನಿಸುವುದಕ್ಕೆ ನಾಟಿಕೋಳಿ ಕೈಗೆ ಸಿಗಬೇಕಲ್ಲ. ಕಣ್ಣು ಮುಚ್ಚಿಹೋದ ಕೋಳಿಗಳು ನಮ್ಮ ಹೆಜ್ಜೆ ಕೇಳಿದರೆ ಸಾಕು, ಗಾಬರಿಯಿಂದ ಕಾಫಿ ಗಿಡಗಳ ಬುಡಕ್ಕೆ ನುಗ್ಗಿ ಅಲ್ಲೇ ಹಸಿದು ಎಲ್ಲವೂ ಸತ್ತವು. ಗಿರಿರಾಜ ಮಾತ್ರ ಹೋಗಿ ಎತ್ತಿಕೊಂಡರೆ ಎತ್ತಿಸಿಕೊಂಡಿತು. ನಾನು ಬಿಸಿನೀರಲ್ಲಿ ಅದ್ದಿದ ಹತ್ತಿಯಿಂದ ಕಣ್ಣೊರೆಸಿ, ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಅರಿಶಿನ ಹಚ್ಚುತ್ತಿದ್ದೆ. ಅತ್ತೆ ಮೆತ್ತಗಿನ ಅನ್ನವನ್ನು ಕಡಲೆಯಷ್ಟು ಉಂಡೆ ಮಾಡಿ ಕೊಕ್ಕು ಬಿಡಿಸಿ ಇಡುತ್ತಿದ್ದರು.

"ತಿನ್ನು ಮಗಾ. ಒಂದೇ ಒಂದು. ನುಂಗು ನನ್ನ ಬಂಗಾರ."

ನಾನು ಒಲೆಯ ಮುಂದೆ ನಿಂತು ಕೇಳಿಸಿಕೊಂಡೆ. ಈ ದನಿ ಇವರ ಗಂಟಲಲ್ಲಿ ಇಷ್ಟು ವರ್ಷ ಎಲ್ಲಿತ್ತು? ಒಂದು ಕೋಳಿಯ ಮೇಲೆ ಹೊಟ್ಟೆಕಿಚ್ಚು ಪಟ್ಟೆನೆಂದು ಹೇಳಲು ನಾಚಿಕೆಯಾಗುತ್ತದೆ, ಆದರೆ ಪಟ್ಟಿದ್ದಂತೂ ನಿಜ.

ಒಂದು ಸಂಜೆ ಅದು ಉಂಡೆ ನುಂಗಲಿಲ್ಲ. ನೀರೂ ಕೊಕ್ಕಿನಿಂದ ಹೊರಗೆ ಬಂತು. ಅತ್ತೆ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು, ತೋಟದಾಚೆ ಚೌಡಿಬನವಿರುವ ದಿಕ್ಕಿಗೆ ತಿರುಗಿ ನಿಂತರು.

"ತಾಯಿ, ಇದೊಂದನ್ನ ಉಳಿಸಿಕೊಡು. ನಿನಗೆ ಒಂದು ಕೋಳಿ ಕೊಡ್ತೀನಿ."

ಹೇಳಿದ ಮೇಲೆ ಸೆರಗಿನತ್ತ ನೋಡಿಕೊಂಡರು. ಜ್ವರಕ್ಕೂ, ತಪ್ಪಿಸಿಕೊಂಡ ಕರುವಿಗೂ, ಕಾಫಿ ಹೂ ಬಿಡಿಸುವ ಹೂಮಳೆಗೂ ಅವರಿಗೆ ಅಭ್ಯಾಸವಾಗಿದ್ದುದು ಅದೊಂದೇ ಹರಕೆ. ಹರಕೆಗೆ ಕೊಂಡು ತಂದ ಕೋಳಿ ನಮ್ಮ ಮನೆತನದಲ್ಲಿ ಆಗುವುದಿಲ್ಲ. ಮನೆಯ ಕಾಳು ತಿಂದು ಬೆಳೆದದ್ದೇ ಆಗಬೇಕು. ಅಂಗಳದಲ್ಲಿ ಉಳಿದಿದ್ದುದು ಅವರ ಸೆರಗಿನಲ್ಲಿದ್ದದ್ದು ಮಾತ್ರ.

ಮಾರನೆಯ ದಿನ ಕೋಳಿ ಒಂದು ಉಂಡೆ ನುಂಗಿತು. ವಾರ ಕಳೆಯುವುದರೊಳಗೆ ಒಂದು ಕಣ್ಣು ತೆರೆಯಿತು. ಗಂಟುಗಳು ಒಣಗಿ ಉದುರಿದವು. ಪಕ್ಕದ ತೋಟದ ಕೃಷ್ಣಮ್ಮನಿಗೆ ಹರಕೆಯ ಸುದ್ದಿ ಗೊತ್ತಾಗಿ, ಬೇಲಿ ಹಿಡಿದುಕೊಂಡು ನಕ್ಕಿದ್ದೇ ನಕ್ಕಿದ್ದು.

"ಕೋಳಿ ಉಳಿಸೋಕೆ ಕೋಳಿ ಹರಕೆ! ತುಂಗಕ್ಕ, ಚೌಡಿಗೂ ನಗು ಬಂದಿರ್ಬೇಕು ಕಣ್ರೀ!"

"ನಗಲಿ ಬಿಡು. ಕೊಡದೆ ಇದ್ದರೆ ನಗಲ್ಲ ಅವಳು," ಎಂದರು ಅತ್ತೆ.

ಅವರ ಭಯ ನನಗೆ ಗೊತ್ತಿತ್ತು. ಹಿಂದೆ ಒಮ್ಮೆ ಹರಕೆ ಮುಂದೂಡಿದ ವರ್ಷವೇ ಮಾವನವರು ಜೀಪಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದರು. ಅದು ಬರೀ ಕಾಕತಾಳೀಯ ಎಂದು ಅತ್ತೆಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಈಗ ಮಾವನವರಿಲ್ಲ. ಇರುವುದು ಮಗ, ದಿನಾ ಅದೇ ಜೀಪು ಹತ್ತುತ್ತಾರೆ.

"ಮುಂದಿನ ವರ್ಷ ಕೊಟ್ಟರೆ ಆಗಲ್ವಾ ಅತ್ತೆ?" ಎಂದು ಕೇಳಿದೆ.

"ಬೇರೆಯವರ ಸಾಲ ಆಗಿದ್ರೆ ಹಾಗೆ ಕೇಳಬಹುದಿತ್ತು," ಎಂದು ಕೋಳಿಯ ಬೆನ್ನು ಸವರಿದರು.

ಕುಯ್ಲು ಮುಗಿದು ಚೌಡಿ ಪೂಜೆಯ ದಿನ ಬಂತು. ಕೋಳಿ ಚೆನ್ನಾಗಿ ಮೈತುಂಬಿಕೊಂಡು, ಮತ್ತೆ ಮೊಟ್ಟೆಯಿಡಲು ಶುರುಮಾಡಿತ್ತು. ಬೆಳಿಗ್ಗೆ ಅತ್ತೆ ಅದಕ್ಕೆ ನೀರು ಚಿಮುಕಿಸಿ ನೆತ್ತಿಗೆ ಕುಂಕುಮ ಇಟ್ಟರು. ನಮ್ಮನೆಯವರು ಬುಟ್ಟಿ ತಂದರು.

"ಬುಟ್ಟಿ ಬೇಡ. ಎತ್ತಿಕೊಂಡು ಹೋಗ್ತೀನಿ. ನೀವ್ಯಾರೂ ಬರೋದು ಬೇಡ."

ಕಂಕುಳಲ್ಲಿ ಕೋಳಿ, ಅವರು ಗಿಡಗಳ ನಡುವೆ ಮರೆಯಾದರು. ಅದು ಒಮ್ಮೆಯೂ ರೆಕ್ಕೆ ಬಡಿಯಲಿಲ್ಲ. ಯಾರು ಎತ್ತಿಕೊಂಡರೂ ಎಲ್ಲಿಗೆಂದು ಕೇಳದ ಜಾತಿ. ನಾನು ಒಳಗೆ ಹೋಗಿ ಕಾಯಿ ತುರಿಯತೊಡಗಿದೆ. ಬೇಕಿದ್ದಕ್ಕಿಂತ ಎಷ್ಟೋ ಹೆಚ್ಚು ತುರಿದೆ.

ಬಿಸಿಲೇರಿದ ಮೇಲೆ ಅಂಗಳದಲ್ಲಿ ಕೊಕ್ ಕೊಕ್ ಸದ್ದು ಕೇಳಿತು. ಓಡಿ ಬಂದು ನೋಡಿದರೆ ಅತ್ತೆ ಕಾಲು ತೊಳೆಯುತ್ತಿದ್ದರು. ಪಕ್ಕದಲ್ಲಿ ಕೋಳಿ, ನೆತ್ತಿಯಲ್ಲಿ ಕುಂಕುಮ ಹಾಗೇ ಇತ್ತು.

"ಅತ್ತೆ..."

"ಮಾತಾಡಿ ಬಂದೆ," ಎಂದಷ್ಟೇ ಹೇಳಿ ಒಳಗೆ ಹೋದರು.

ಮಧ್ಯಾಹ್ನ ಕೃಷ್ಣಮ್ಮ ತಮ್ಮ ಮನೆಯ ಹರಕೆ ಕೋಳಿಯ ಸಾರು ಕಳಿಸಿದರು. ಕಡುಬಿನ ಜೊತೆ ಕೋಳಿ ಸಾರು ಎಂದರೆ ಅತ್ತೆಗೆ ಪ್ರಾಣ. ರೆಕ್ಕೆಯ ತುಂಡನ್ನು ಮೂಳೆ ಬೆಳ್ಳಗಾಗುವವರೆಗೆ ಚೀಪುವವರು. ಬೇರೆ ಯಾವ ಆಸೆಯನ್ನೂ ನಾನು ಅವರಲ್ಲಿ ಕಂಡಿರಲಿಲ್ಲ. ರೆಕ್ಕೆಯನ್ನೇ ಆರಿಸಿ ಬಡಿಸಲು ಹೋದೆ. ಅವರು ತಟ್ಟೆಗೆ ಅಂಗೈ ಅಡ್ಡ ಹಿಡಿದರು.

"ನನಗೆ ಬೇಡ."

"ಹುಷಾರಿಲ್ವಾ ಅವ್ವ?" ಎಂದು ಇವರು ಕೇಳಿದರು.

"ಹುಷಾರಾಗೇ ಇದ್ದೀನಿ. ಇದೊಂದು ಬೇಡ ಇನ್ನು ಮೇಲೆ. ನೀನು ತಿನ್ನು."

ಇವರು ಏನೂ ಅರ್ಥವಾಗದೆ ಊಟ ಮುಂದುವರಿಸಿದರು. ನನ್ನ ಕೈಯಲ್ಲಿ ಸೌಟು ಹಾಗೇ ನಿಂತಿತ್ತು. ಚೌಡಿಯ ಜೊತೆ ಏನು ಮಾತಾಯಿತೆಂದು ಆಗ ತಿಳಿಯಿತು. ಕೋಳಿಯ ಬದಲು ತಮಗಿದ್ದ ಒಂದೇ ಒಂದು ಬಾಯಿರುಚಿಯನ್ನು ಶಾಶ್ವತವಾಗಿ ಅಲ್ಲಿ ಬಿಟ್ಟು ಬಂದಿದ್ದರು.

"ಒಪ್ಪಿದ್ಲಾ ಅತ್ತೆ?" ಎಂದು ಮೆಲ್ಲಗೆ ಕೇಳಿದೆ.

"ಹೆಂಗಸಲ್ವಾ ಅವಳೂ. ಒಪ್ಪಿರ್ತಾಳೆ." ಕಡುಬನ್ನು ಮುರಿದು, ಬರೀ ಕಡುಬನ್ನೇ ಬಾಯಿಗಿಟ್ಟುಕೊಂಡರು. ನನ್ನ ಕಣ್ಣು ತುಂಬಿದ್ದು ಕಂಡಿರಬೇಕು. "ಅಯ್ಯೋ, ಅದಕ್ಕೆಲ್ಲ ಅಳ್ತಾರಾ ಮಗಾ? ಬೆಳಿಗ್ಗೆ ಅದು ಇಟ್ಟಿದ್ದು ಗೂಡಲ್ಲಿದೆ ನೋಡು. ಒಂದು ಆಮ್ಲೆಟ್ ಹಾಕ್ಕೊಂಡು ಬಾ, ಹಸಿಮೆಣಸು ಜಾಸ್ತಿ ಹಾಕು. ಮೊಟ್ಟೆ ಸುದ್ದಿ ನಾನು ಅವಳ ಹತ್ರ ಎತ್ತಲೇ ಇಲ್ಲ."

ಗೂಡಿಗೆ ಕೈ ಹಾಕಿದೆ. ಗಿರಿರಾಜ ಅಲ್ಲೇ ಕೂತಿತ್ತು, ಎಂದಿನ ಹಾಗೆ ಈಗಲೂ ಸರಿಯಲಿಲ್ಲ. ಅದರ ಹೊಟ್ಟೆಯ ಕೆಳಗೆ ಮೊಟ್ಟೆ ಇನ್ನೂ ಬೆಚ್ಚಗಿತ್ತು. ಅಡುಗೆಮನೆಗೆ ಹೋಗುವ ಮುಂಚೆ ಆ ಮೊಟ್ಟೆಯನ್ನು ಕೆನ್ನೆಗೆ ಒತ್ತಿ ಹಿಡಿದು ಸ್ವಲ್ಪ ಹೊತ್ತು ನಿಂತೆ.