ಬಿಸಿಲು ಆಗದ ಹುಡುಗಿ

ಸರಿತಳ ಮುಖದ ಕುಳಿಗಳ ಬಗ್ಗೆ ಮೊದಲು ಬಾಯಿಬಿಟ್ಟು ಹೇಳಿದವನು ಪ್ರಜಿತ್. ಇಪ್ಪತ್ತಾರು ವರ್ಷ ಆ ಮುಖ ಹೊತ್ತು ತಿರುಗಿದವಳಿಗೆ ಅದು ಗೊತ್ತಿರಲಿಲ್ಲವೆಂದಲ್ಲ. ಮೂಗಿನ ಎರಡೂ ಬದಿಗೆ, ಕೆನ್ನೆಯ ಮೇಲೆ, ಕಿತ್ತಳೆ ಸಿಪ್ಪೆಯಂತೆ ತೆರೆದುಕೊಂಡ ರಂಧ್ರಗಳನ್ನು ದಿನವೂ ಕನ್ನಡಿಯಲ್ಲಿ ನೋಡುತ್ತಿದ್ದಳು. ಇನ್ನೊಬ್ಬರ ಬಾಯಲ್ಲಿ ಕೇಳಿರಲಿಲ್ಲ, ಅಷ್ಟೆ. ಬತ್ತೇರಿ ಸ್ಟ್ಯಾಂಡಿನಲ್ಲಿ ಕಲ್ಲೂರಿನ ಬಸ್ಸಿಗೆ ಕಾಯುತ್ತಿದ್ದಾಗ ಅವನು ಮೆಲ್ಲಗೆ ಹೇಳಿದ್ದ.

“ಅಮ್ಮ ನೋಡಕ್ಕೆ ಬರೋ ಹೊತ್ಗೆ ಈ ಕುಳಿ ಒಸಿ ಕಮ್ಮಿಯಾದ್ರೆ ಚೆಂದ. ಡಾಕ್ಟರಿಗೆ ತೋರ್ಸು. ನನಗೇನಿಲ್ಲ, ಅಮ್ಮನಿಗೋಸ್ಕರ ಹೇಳ್ದೆ.”

ನಾಲ್ಕು ವರ್ಷದಿಂದ ತಾನು ಮನಸ್ಸಿನಲ್ಲಿಟ್ಟುಕೊಂಡವನು ತನ್ನನ್ನು ಇಷ್ಟು ಹತ್ತಿರದಿಂದ ನೋಡಿದ್ದಾನಲ್ಲ ಎಂದು ಅವಳಿಗೆ ಒಳಗೊಳಗೇ ಖುಷಿಯಾಯಿತು.

ಚರ್ಮದ ಡಾಕ್ಟರು ಇಲ್ಲದ ಆಸೆ ಹುಟ್ಟಿಸಲಿಲ್ಲ. ರಂಧ್ರ ಮುಚ್ಚುವುದಿಲ್ಲ, ಜಿಡ್ಡು ಕಟ್ಟದ ಹಾಗೆ ನೋಡಿಕೊಂಡರೆ ಚಿಕ್ಕದಾಗಿ ಕಾಣುತ್ತದೆ, ಅದಕ್ಕೂ ಹನ್ನೆರಡು ವಾರ ಬೇಕು ಎಂದರು. ದಿನಕ್ಕೆ ಎರಡೇ ಸಲ ಮುಖ ತೊಳೆಯಬೇಕು, ಉಜ್ಜಬಾರದು. ಮಲಗುವ ಮುಂಚೆ ಬಟಾಣಿಯಷ್ಟು ಜೆಲ್ಲು, ಹಗಲು ಸನ್‌ಸ್ಕ್ರೀನು. ಜೆಲ್ಲು ಹಚ್ಚುವಷ್ಟು ದಿನ ಮುಖವನ್ನು ಬಿಸಿಲಿಗೆ ಕೊಡಬಾರದು.

“ನಾವೆಲ್ಲ ಕಡ್ಲೆಹಿಟ್ಟು ಹಚ್ಕೊಂಡು ಗಂಡನ ಮನೆಗೆ ಬಂದೋರು” ಎಂದು ಅವಳ ತಾಯಿ ಶ್ಯಾಮಳ ನಕ್ಕಳು. “ನಿಂಗೆ ಮುಖಕ್ಕೂ ಒಂದು ಟೈಂಟೇಬಲ್ಲಾ?”

ಸರಿತ ಬತ್ತೇರಿಯ ಟ್ಯೂಷನ್ ಸೆಂಟರಿನಲ್ಲಿ ಕಾಮರ್ಸ್ ಪಾಠ ಹೇಳುವವಳು. ಹೇಳಿದ್ದನ್ನು ಹೇಳಿದಂತೆ ಮಾಡುವುದು ಅವಳ ಸ್ವಭಾವ. ಮೂರನೇ ವಾರ ಮುಖ ಸಿಪ್ಪೆ ಎದ್ದಾಗ ಹೆದರಿದಳು, ಬಿಡಲಿಲ್ಲ. ಒಂಬತ್ತನೇ ವಾರ ಕಿಟಕಿಯ ಬೆಳಕಿನಲ್ಲಿ ಕನ್ನಡಿ ಹಿಡಿದಾಗ ಕೆನ್ನೆ ನಿಜವಾಗಿಯೂ ನುಣುಪಾಗಿ ಕಂಡಿತು. ನಂಬಿಕೆ ಬಾರದೆ ಜಾಗ ಬದಲಿಸಿ ಬದಲಿಸಿ ನೋಡಿಕೊಂಡಳು.

ಹನ್ನೊಂದನೇ ವಾರ, ಜನವರಿಯಲ್ಲಿ, ಪ್ರಜಿತನ ತಾಯಿ ಮಾದಮ್ಮ ಹೇಳಿಕಳಿಸಿದಳು: “ಶನಿವಾರ ನಿಮ್ಮ ತೋಟಕ್ಕೆ ಮುಯ್ಯಾಳು ಬತ್ತೀನಿ.”

ಗುಂಡ್ಲುಪೇಟೆ ಕಡೆಯಿಂದ ತಾತಂದಿರ ಕಾಲಕ್ಕೇ ಗಡಿ ದಾಟಿ ಈ ಮಲಯಾಳದ ನಾಡಿಗೆ ಬಂದು ನೆಲೆಸಿದ ಆ ಮನೆಗಳಲ್ಲಿ ಚಹಾ, ಮಿಕ್ಸ್ಚರು ಇಟ್ಟು ಹೆಣ್ಣು ತೋರಿಸುವುದು ಆಮೇಲಿನ ಮಾತು. ಮೊದಲು ಗಂಡಿನ ತಾಯಿ ಕಾಫಿ ಕೊಯ್ಲಿಗೆ ಒಂದು ದಿನ ಕೈಸೇರಿಸಲು ಬರುತ್ತಾಳೆ. ಯಾಕೆ ಬಂದಳೆಂದು ಯಾರೂ ಬಾಯಿಬಿಡುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ದಣಿದಾಗ, ಕೆಂಜಿರುವೆ ಕಚ್ಚಿದಾಗ, ಚೀಲ ಹೊರುವಾಗ ಹುಡುಗಿಯ ಮುಖ ಹೇಗಿರುತ್ತದೆ ಎಂದು ನೋಡುವುದೇ ಆ ದಿನದ ಕೆಲಸ.

ಸರಿತಳಿಗೂ ಗೊತ್ತಿತ್ತು. ಆದರೆ ಇನ್ನೊಂದೇ ವಾರ ಉಳಿದಿತ್ತು. ಈಗ ಬಿಸಿಲು ತಾಗಿ ಮುಖ ಕೆಂಪೆದ್ದರೆ ಇಷ್ಟು ದಿನ ಕಾಪಾಡಿದ್ದೆಲ್ಲ ನೀರಲ್ಲಿ ಹೋಮ ಮಾಡಿದಂತೆ. ಹೆಣ್ಣು ತೋರಿಸುವ ಶಾಸ್ತ್ರದ ದಿನ ಮಾದಮ್ಮ ಹೇಗೂ ಹತ್ತಿರದಿಂದ ನೋಡುತ್ತಾಳಲ್ಲ ಎಂದುಕೊಂಡು, ದಪ್ಪಗೆ ಸನ್‌ಸ್ಕ್ರೀನ್ ಹಚ್ಚಿ, ಕಣ್ಣೆರಡನ್ನು ಬಿಟ್ಟು ಇಡೀ ಮುಖಕ್ಕೆ ಶಾಲು ಸುತ್ತಿಕೊಂಡು ತೋಟಕ್ಕಿಳಿದಳು.

ಮಾದಮ್ಮ ಗಿಡದ ಆ ಬದಿಯಿಂದ ಬಗ್ಗಿ ನೋಡಿದಳು. “ಏನವ್ವಾ, ಜೇನು ಕೀಳಕ್ಕೆ ಹೊಂಟೋಳ ಹಂಗೆ ಕಟ್ಕೊಂಡಿದ್ದೀಯ?”

ಎಲ್ಲರೂ ನಕ್ಕರು. ನಿಮ್ಮ ಮಗನೇ ಹೇಳಿದ್ದು ಎಂಬ ಮಾತು ಸರಿತಳ ನಾಲಿಗೆಯ ತುದಿಗೆ ಬಂತು. ಹೆಣ್ಣಿನ ಮುಖದಲ್ಲಿ ಐಬು ಹುಡುಕಿದ ಮಗ ಎಂದು ತಾಯಿ ಅವನನ್ನು ಬೈಯುವುದು ಬೇಡವೆನಿಸಿತು. ಒಂದೊಂದೇ ಪದ ತೂಗಿ ಹೇಳಿದಳು: “ನಂಗೆ ಬಿಸಿಲು ಆಗಲ್ಲ, ಅತ್ತೆ.”

ಮಾದಮ್ಮ ಮಲಯಾಳ ಬೆರೆಸಿ, “ಓ, ಶರಿ ಮೋಳೆ, ಆಯ್ತು ಮಗಳೆ” ಎಂದಳು. ಮತ್ತೆ ತನ್ನ ಕೊಂಬೆಯ ಕಡೆ ತಿರುಗಿದಳು. ಊಟದ ಹೊತ್ತಿಗೆ ಸರಿತ ಮುಖದ ಬೆವರೊತ್ತಿ ಮತ್ತೆ ಸನ್‌ಸ್ಕ್ರೀನ್ ಹಚ್ಚಿಕೊಳ್ಳಲು ಒಳಗೆ ಹೋದವಳು, ಎಲ್ಲರೂ ಕೈತೊಳೆದ ಮೇಲೆ ಶಾಲು ಸುತ್ತಿಕೊಂಡೇ ಹೊರಬಂದಳು. ದಿನವಿಡೀ ಯಾರಿಗೂ ಕಡಿಮೆಯಿಲ್ಲದಂತೆ ಕೊಯ್ದಳು. ಅದನ್ನು ಮಾದಮ್ಮ ನೋಡಿದಳೋ ಇಲ್ಲವೋ ತಿಳಿಯಲಿಲ್ಲ.

ಮಂಗಳವಾರ ನೆಂಟರೊಬ್ಬರ ಮೂಲಕ ಉತ್ತರ ಬಂತು. ಬಿಸಿಲು ಆಗದ ಹುಡುಗಿ ತೋಟದ ಮನೆಗೆ ಆಗುವುದಿಲ್ಲ. ಮುಚ್ಚಿಕೊಂಡ ಮುಖದಲ್ಲಿ ಏನಿದೆಯೋ ಯಾರು ಬಲ್ಲರು.

ಸರಿತ ಫೋನು ಮಾಡಿದಳು. “ನೀನು ಹೇಳಿದ್ದಕ್ಕೇ ನಾನು ಡಾಕ್ಟರ ಹತ್ರ ಹೋಗಿದ್ದು. ಅಷ್ಟು ಮಾತ್ರ ಅಮ್ಮನಿಗೆ ಹೇಳು, ಪ್ರಜಿತ್. ಸಾಕು.”

“ಹೇಳ್ತೀನಿ” ಎಂದ ಅವನು. “ಒಸಿ ತಡಿ, ಅಮ್ಮ ಈಗ ಬಿಸಿಯಾಗವ್ರೆ.”

ಅವಳು ತಡೆದಳು. ದಿನಕ್ಕೆ ಎಷ್ಟು ಸಲ ಫೋನು ನೋಡಿಕೊಂಡಳೋ. ಹನ್ನೆರಡನೇ ವಾರ ತುಂಬಿತು.

ಸಂಬಂಧ ಆಗಲಿ ಬಿಡಲಿ, ಬಂದ ಆಳಿಗೆ ಆಳು ಕಳಿಸಲೇಬೇಕು. ಶ್ಯಾಮಳ ತಾನು ಹೋಗುತ್ತೇನೆಂದಳು. “ನಿಂಗ್ಯಾಕೆ ಆ ಮನೆ ಮೆಟ್ಲು? ಮಾನ ಇಲ್ವಾ ನಮಗೆ?” ಸರಿತ ಕೇಳಲಿಲ್ಲ. ಎದುರಿಗೆ ನಿಂತರೆ ಅವನು ಹೇಳಿಯಾನು ಎಂಬ ಆಸೆ ಅವಳದು. ಮುತ್ತಂಗದ ದಾರಿಯಲ್ಲಿರುವ ಅವರ ತೋಟಕ್ಕೆ ಬೆಳಗ್ಗೆಯೇ ಹೋದಳು. ಮುಖಕ್ಕೆ ಏನನ್ನೂ ಹಚ್ಚಿರಲಿಲ್ಲ, ಏನನ್ನೂ ಸುತ್ತಿರಲಿಲ್ಲ.

ನೆರಳಿಲ್ಲದ ಪಟ್ಟಿಯಲ್ಲಿ ಅವಳೂ ಮಾದಮ್ಮನೂ ಎದುರುಬದುರು ಕೊಯ್ದರು. ಹನ್ನೊಂದರ ಬಿಸಿಲಿಗೆ ಸರಿತಳ ಕೆನ್ನೆ ಉರಿಯತೊಡಗಿತ್ತು. ಮಾದಮ್ಮ ಕೈ ನಿಲ್ಲಿಸಿ ಅವಳನ್ನೇ ನೋಡಿದಳು. ಮಾದಮ್ಮನ ಮೂಗಿನ ಮೇಲೂ ಕೆನ್ನೆಯ ಮೇಲೂ ಸರಿತಳಿಗಿಂತ ದೊಡ್ಡ ಕುಳಿಗಳಿದ್ದವು, ಬೆವರು ಅವುಗಳಲ್ಲಿ ನಿಂತು ಹೊಳೆಯುತ್ತಿತ್ತು. ಇಂಥ ಮುಖದವಳು ತನ್ನ ಮುಖದಲ್ಲಿ ಕುಳಿ ಎಣಿಸುವವಳಲ್ಲ ಎಂದು ಸರಿತಳಿಗೆ ಆಗ ಹೊಳೆಯಿತು.

“ಇಷ್ಟು ಲಕ್ಷಣವಾಗಿದ್ದೀಯಲ್ಲ ಮಗಳೆ, ಕೈಯೂ ಚುರುಕು” ಎಂದಳು ಮಾದಮ್ಮ. “ಅವತ್ಯಾಕೆ ಹಂಗೆ ಮುಚ್ಕೊಂಡಿದ್ದೆ?”

ಪ್ರಜಿತ್ ನಾಲ್ಕು ಮಾರು ದೂರದಲ್ಲಿ ಚೀಲದ ಬಾಯಿ ಕಟ್ಟುತ್ತಿದ್ದ. ಅವನಿಗೆ ಕೇಳಿಸಿತು. ಸರಿತ ಅವನ ಕಡೆ ತಿರುಗಿ ಕಾದಳು. ಅವನು ಹಗ್ಗವನ್ನು ಇನ್ನೊಂದು ಸುತ್ತು ಸುತ್ತಿದ, ಗಂಟು ಹಾಕಿದ, ಬಿಚ್ಚಿ ಮತ್ತೆ ಹಾಕಿದ. ತಲೆ ಎತ್ತಲಿಲ್ಲ.

“ಡಾಕ್ಟರ್ ಔಷಧಿ ಕೊಟ್ಟಿದ್ರು, ಅತ್ತೆ. ಅದಕ್ಕೆ ಬಿಸಿಲು ಬೇಡ ಅಂದಿದ್ರು.”

“ಅಷ್ಟೇನಾ? ಒಂದ್ಮಾತು ಹೇಳ್ಬಾರ್ದಿತ್ತಾ?” ಮಾದಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳ ಧ್ವನಿ ತಗ್ಗಿತು. “ಮೊನ್ನೆ ನೂಲ್ಪುಳದ ಹೆಣ್ಣಿನ ಕಡೆಯೋರಿಗೆ ಮಾತು ಕೊಟ್ಬುಟ್ವಲ್ಲ ಮೋಳೆ. ಇವನೂ ಆಗ್ಲಿ ಅಂದ.”

ಪ್ರಜಿತ್ ಚೀಲ ಹೆಗಲಿಗೇರಿಸಿ ಕಣದ ಕಡೆಗೆ ಇಳಿದುಹೋದ.

ಸಂಜೆಯವರೆಗೂ ಇರಬೇಕಿರಲಿಲ್ಲ, ಮಾದಮ್ಮನೇ ಹೋಗು ಎಂದಳು. ಸರಿತ ಟಾರ್ಪಾಲನ್ನು ಎಳೆದು ಮುಂದಿನ ಗಿಡದ ಬುಡಕ್ಕೆ ಹಾಸಿದಳು, ಕೊಂಬೆ ಬಗ್ಗಿಸಿದಳು. ಕೆನ್ನೆ ಒದ್ದೆಯಾದದ್ದನ್ನು ಒರೆಸಲು ಹೋಗಲಿಲ್ಲ. ಆ ಬಿಸಿಲಿನಲ್ಲಿ ಎಲ್ಲರ ಮುಖವೂ ಒದ್ದೆಯಾಗಿತ್ತು.